‘ಮೆಲ್ಲಗೆ’ ಅಂದರೆ ಮಕ್ಕಳಿಗೆ ಏನು ಕೇಳಿಸುತ್ತೆ?

ಮೂರು ವರ್ಷದ ಮಗುವಿನ ಕೈಗೆ ತಟ್ಟೆ ಕೊಟ್ಟು ‘ಮೆಲ್ಲಗೆ ಬಡಿ’ ಅನ್ನಿ. ಒಂದೊಂದೇ ಏಟು, ನಿಧಾನವಾಗಿ, ಆದರೆ ಕಿವಿ ಗುಂಯ್ ಅನ್ನುವ ಹಾಗೆ ಬಡಿಯುತ್ತದೆ. ಮಗು ನಾವು ಹೇಳಿದ ಮಾತನ್ನೇ ಕೇಳಿದೆ. ನಮ್ಮ ‘ಮೆಲ್ಲಗೆ’ಗೆ ನಿಧಾನ ಅನ್ನುವ ಅರ್ಥವೂ ಇದೆಯಲ್ಲ. ಬಾಗೇಪಲ್ಲಿ ಕಡೆ ಅಂಗನವಾಡಿಗೆ ಬರುವ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅಲ್ಲಿನ ‘ಮೆಲ್ಲಗಾ’ದಲ್ಲೂ ಇದೇ ತೊಡಕು. ‘ಗಟ್ಟಿ’ ಅಂದರೆ ಮುದ್ದೆಯೂ ಗಟ್ಟಿ, ಕೂಗೂ ಗಟ್ಟಿ. ‘ದೊಡ್ಡ ಸದ್ದು’ ಅಂದರೆ ದೊಡ್ಡ ಸಾಮಾನಿನ ಸದ್ದು ಅಂದುಕೊಳ್ಳುತ್ತವೆ.

ಹಾಗಾಗಿ ಅಂಗನವಾಡಿಯಲ್ಲಿ ಜೋರು ಸದ್ದು, ಸಣ್ಣ ಸದ್ದು ಕಲಿಸುವಾಗ ಮೊದಲ ವಾರ ನಾನು ಪದ ಹೇಳಿಕೊಡುವುದೇ ಇಲ್ಲ. ಜೋರು ಕೇಳಿದರೆ ಎರಡೂ ಕೈ ಅಗಲ, ಸಣ್ಣಗೆ ಕೇಳಿದರೆ ಹೆಬ್ಬೆರಳು ತೋರುಬೆರಳು ಜೋಡಿಸುವುದು, ಅಷ್ಟೇ. ಆಮೇಲೆ ‘ಜೋರು’ ಮತ್ತು ‘ಪಿಸುಪಿಸು’. ಪಿಸುಪಿಸುವಿಗೆ ಬೇರೆ ಅರ್ಥ ಅಂಟಿಕೊಂಡಿಲ್ಲ.

ಈಗ ಕುಲುಕಿ ಸದ್ದು ಕೇಳಿಸುವ ಡಬ್ಬಿಗಳ ವಿಷಯಕ್ಕೆ ಬರೋಣ. ಒಂದೇ ಅಳತೆಯ, ಒಳಗಿನದು ಕಾಣದ ಪ್ಲಾಸ್ಟಿಕ್ ಡಬ್ಬಿ ಬೇಕು. ಸ್ಟೀಲ್ ಬೇಡ, ಅದರ ಕಣಕಣ ನಾದವೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಹಲವರು ಒಂದರಲ್ಲಿ ಹುಣಸೆಬೀಜ, ಇನ್ನೊಂದರಲ್ಲಿ ರಾಗಿ ಹಾಕುತ್ತಾರೆ. ಆಟಕ್ಕೆ ಚೆಂದ, ಆದರೆ ಅಲ್ಲಿ ಮಗು ಗುರುತಿಸುವುದು ಕಾಳಿನ ಬಗೆಯನ್ನು. ಜೋರು–ಸಣ್ಣ ಒಂದನ್ನೇ ಕಲಿಸಬೇಕಾದರೆ ಎರಡಕ್ಕೂ ಹತ್ತತ್ತು ಹುಣಸೆಬೀಜ ಹಾಕಿ, ಒಂದರ ಒಳಗೆ ಸುತ್ತಲೂ, ತಳಕ್ಕೆ, ಮುಚ್ಚಳಕ್ಕೆ ಹಳೆ ಪಂಚೆಯ ಬಟ್ಟೆ ಎರಡು ಪದರ ಅಂಟಿಸಿ. ಬೀಜ ಅದೇ, ಲೆಕ್ಕ ಅದೇ, ಬಟ್ಟೆ ಸದ್ದು ನುಂಗುತ್ತದೆ. ಮೂರನೆಯ ಡಬ್ಬಿಗೆ ಒಂದೇ ಪದರ ಹಾಕಿದರೆ ನಡುವಿನ ಸದ್ದು ಸಿಗುತ್ತದೆ. ಮೂರನೇ ಒಂದು ಪಾಲಿಗಿಂತ ಹೆಚ್ಚು ತುಂಬಬೇಡಿ. ಬೀಜಕ್ಕೆ ಹಾರಲು ಜಾಗವಿಲ್ಲದಿದ್ದರೆ ಸದ್ದೇ ಇರುವುದಿಲ್ಲ. ಮುಚ್ಚಳದ ಮೇಲೆ ಟೇಪ್ ಮೂರು ಸುತ್ತು ಬಿಗಿಯಾಗಿ ಬರಬೇಕು. ಹುಣಸೆಬೀಜ ಮೂಗಿಗೋ ಬಾಯಿಗೋ ಹೋಗುವುದು ಒಂದು ಕ್ಷಣದ ಮಾತು.

ಐದಾರು ಮಕ್ಕಳು, ಹತ್ತು ನಿಮಿಷ. ಮೊದಲು ಡಬ್ಬಿ ಅಲ್ಲಾಡಿಸುವುದು ನಾನೇ, ಅದೂ ಸೆರಗಿನ ಮರೆಯಲ್ಲಿ. ಕೈ ಬೀಸು ಕಂಡರೆ ಮಕ್ಕಳು ಕಿವಿ ಬಿಟ್ಟು ಕಣ್ಣಿನಿಂದ ಉತ್ತರ ಕೊಡುತ್ತಾರೆ. ಎರಡೂ ಡಬ್ಬಿಗೆ ಮೂರೇ ಕುಲುಕು, ಒಂದೇ ವೇಗ, ಒಂದೇ ದೂರ. ಒಂದು ಹತ್ತಿರ ಹಿಡಿದು ಇನ್ನೊಂದು ದೂರ ಹಿಡಿದರೆ ಪಾಠ ಕೆಟ್ಟಿತು. ಪಕ್ಕದವರ ಕೈ ನೋಡಿ ಕೈ ಅಗಲಿಸುವವರು ಇದ್ದೇ ಇರುತ್ತಾರೆ, ಅವರನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿದರೆ ಆಯಿತು. ಮೂರು ವರ್ಷದವರಿಗೆ ಎರಡು ಡಬ್ಬಿ ಸಾಕು. ಐದರ ಮಕ್ಕಳು ಮೂರನ್ನೂ ಸಾಲಾಗಿ ಜೋಡಿಸುತ್ತಾರೆ. ಶೀಟಿನ ಮಾಡಿಗೆ ಮಳೆ ಬೀಳುತ್ತಿದ್ದರೆ ಅವತ್ತು ಬಿಟ್ಟುಬಿಡಿ.

ವೇಗದ ಗೊಂದಲ ಬಿಡಿಸಲು ಮಕ್ಕಳಿಂದಲೇ ತೊಡೆ ತಟ್ಟಿಸುತ್ತೇನೆ: ಬೇಗ ಬೇಗ ಎರಡೇ ಬೆರಳಲ್ಲಿ, ಆಮೇಲೆ ನಿಧಾನವಾಗಿ ಇಡೀ ಅಂಗೈಯಲ್ಲಿ. ಬೇಗ–ಪಿಸುಪಿಸು ಹೆಚ್ಚು ಮಕ್ಕಳಿಗೆ ಕಷ್ಟ, ವೇಗ ಬಂದ ಕೂಡಲೇ ಕೈಗೆ ಬಲವೂ ಬರುತ್ತದೆ. ಅದಕ್ಕೇ ಹೆಚ್ಚು ದಿನ ಕೊಡುತ್ತೇನೆ.

ಕೀಚಲು ದನಿಯನ್ನು ಜೋರು ಅನ್ನುವುದು ಇನ್ನೊಂದು ತಪ್ಪು. ಇದಕ್ಕೆ ನಮ್ಮ ಜಿಲ್ಲೆಯಲ್ಲಿ ತಮಟೆಗಿಂತ ಒಳ್ಳೆಯ ಸಾಧನ ಇಲ್ಲ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದ ವಾದ್ಯ ಅದು. ದೊಡ್ಡವರೊಬ್ಬರು ಬಿಸಿಲಲ್ಲೋ ಬೆಂಕಿಯಲ್ಲೋ ಕಾಯಿಸಿದರೆ ಚರ್ಮ ಬಿಗಿದು ದನಿಯ ಶ್ರುತಿ ಮೇಲೇರುತ್ತದೆ. ಆ ಏರಿದ ದನಿಯನ್ನು ಬೆರಳ ತುದಿಯಲ್ಲಿ ತೀರಾ ಸಣ್ಣಗೆ ನುಡಿಸಿ ತೋರಿಸಬಹುದು. ಬಯಲಲ್ಲೇ ಮಾಡಿ, ಮುಚ್ಚಿದ ಕೋಣೆಯಲ್ಲಿ ಮಕ್ಕಳ ಕಿವಿಯ ಹತ್ತಿರ ತಮಟೆ ಬಡಿಯಬಾರದು.

ಜೋರು ಡಬ್ಬಿ ಕುಲುಕಿದರೂ ಯಾವತ್ತೂ ಬೆರಳು ಜೋಡಿಸುವ, ಅಥವಾ ಒಂದೇ ಕಿವಿ ತಿರುಗಿಸುವ ಮಗುವಿನ ಹೆಸರು, ದಿನ ಬರೆದಿಡಿ. ನೆಗಡಿ ಇದ್ದಾಗ ಕಿವಿಯೊಳಗೆ ನೀರು ಕಟ್ಟಿ ಕೇಳಿಸುವುದು ಮಂದವಾಗುತ್ತದೆ, ಎಷ್ಟೋ ಸಲ ತಾನೇ ಸರಿಹೋಗುತ್ತದೆ. ಎರಡು ಮೂರು ವಾರ ಕಳೆದರೂ ಹಾಗೇ ಇದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಬೇಕು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ತಪಾಸಣೆ ಇರುತ್ತದೆ, ಅಲ್ಲಿಯವರೆಗೆ ಕಾಯದೆ ಆಸ್ಪತ್ರೆಗೂ ಕಳಿಸಬಹುದು. ತಾಯಿಗೆ ಕಿವುಡು ಗಿವುಡು ಅನ್ನಬೇಡಿ. ‘ಒಂದ್ಸಲ ಕಿವಿ ತೋರಿಸ್ಕೊಂಡು ಬಾಮ್ಮ, ಎಣ್ಣೆ ಮಾತ್ರ ಬಿಡಬೇಡ’ ಅಂದರೆ ಸಾಕು.