ಕೀ ಪಟ್ಟಿ ತೆಗೆಯೋಕೆ ಹೋಗಿ ಕೀಯನ್ನೇ ಬದಲಾಯಿಸಬೇಕಾಯ್ತು

ಡಾಟ್‌ನೆಟ್‌ನಲ್ಲಿ ಬರೆದ ಒಂದು ಸಣ್ಣ ರಿಪೋರ್ಟ್ ಪ್ರೋಗ್ರಾಂಗೆ ಮೈಕ್ರೋಸಾಫ್ಟ್‌ನ ಅಝೂರ್ ಕ್ಲೌಡ್‌ನ ಡೇಟಾಬೇಸ್ ಆದ ಕಾಸ್ಮೋಸ್ ಡಿಬಿಯ ಕೀ, ಅಂದ್ರೆ ಒಳಗೆ ಬಿಡುವ ಗುಟ್ಟಿನ ಅಕ್ಷರಸಾಲು, ಬೇಕಿತ್ತು. ಅಝೂರ್‌ನ ವೆಬ್ ಪೋರ್ಟಲ್ ತೆರೆದು ಹುಡುಕುವುದು ನನಗೆ ಬೇಜಾರು. ಟರ್ಮಿನಲ್‌ನಲ್ಲೇ ‘ಎಝಡ್ ಕಾಸ್ಮೋಸ್‌ಡಿಬಿ ಕೀಸ್ ಲಿಸ್ಟ್’ ಅಂತ ಹೊಡೆದು (‘ಎಝಡ್’ ಅಂದ್ರೆ ಅಝೂರ್‌ನ ಕಮಾಂಡ್), ಅಕೌಂಟ್ ಹೆಸರು, ಅದು ಸೇರಿರುವ ರಿಸೋರ್ಸ್ ಗ್ರೂಪ್ ಹೆಸರು ಕೊಟ್ಟೆ. ಅಂಥ ಗ್ರೂಪೇ ಇಲ್ಲ ಅಂದಿತು! ಸುಮ್ನೆ ಸ್ಪೆಲಿಂಗ್ ತಿದ್ದುತ್ತಾ ಕೂತೆ. ಆಮೇಲೆ ‘ಎಝಡ್ ಅಕೌಂಟ್ ಶೋ’ ಓಡಿಸಿದರೆ, ನಾನಿನ್ನೂ ಹಳೇ ಸಬ್‌ಸ್ಕ್ರಿಪ್ಷನ್‌ನಲ್ಲೇ, ಅಂದ್ರೆ ಅಝೂರ್‌ನ ಬೇರೆ ಚಂದಾ ಖಾತೆಯಲ್ಲೇ, ಇದ್ದೆ.

‘ಅಕೌಂಟ್ ಸೆಟ್’ ಮಾಡಿ ಸರಿಯಾದ ಸಬ್‌ಸ್ಕ್ರಿಪ್ಷನ್‌ಗೆ ಬಂದ ಮೇಲೆ ಪಟ್ಟಿ ಬಂತು. ನಾಲ್ಕು ಕೀ: ಪ್ರೈಮರಿ, ಸೆಕೆಂಡರಿ, ಜೊತೆಗೆ ಓದಲು ಮಾತ್ರ ಬರುವ ರೀಡ್‌ಓನ್ಲಿ ಕೀ ಎರಡು. ಕ್ವೆರಿ ಆಪ್ಷನ್ ಹಾಕಿ ಪ್ರೈಮರಿಯನ್ನಷ್ಟೇ ಆರಿಸಿ, ಪ್ರೋಗ್ರಾಂ ಓದಿಕೊಳ್ಳುವ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ತುಂಬಿದೆ. ಕೀ ಬೇಸ್64 (ಅಕ್ಷರ, ಅಂಕಿಗಳಲ್ಲಿ ಬರೆಯುವ ಒಂದು ಸಂಕೇತ) ರೂಪದಲ್ಲಿಲ್ಲ ಅಂತ ಎರರ್. ನೋಡಿದರೆ ಔಟ್‌ಪುಟ್ ಜೇಸನ್ (ಪಠ್ಯವನ್ನು ಉದ್ಧರಣ ಚಿಹ್ನೆಯೊಳಗಿಡುವ ರೂಪ) ಆಗಿದ್ದರಿಂದ ಎರಡೂ ಬದಿಯ ಉದ್ಧರಣ ಚಿಹ್ನೆ ಕೀಗೆ ಅಂಟಿಕೊಂಡೇ ಬಂದಿತ್ತು. ‘ಔಟ್‌ಪುಟ್ ಟಿಎಸ್‌ವಿ’ (ಆ ಚಿಹ್ನೆ ಇಲ್ಲದ ಸರಳ ರೂಪ) ಅಂತ ಸೇರಿಸಿದ ಕೂಡಲೇ ಸರಿಹೋಯ್ತು. ಇಷ್ಟಕ್ಕೇ ಅರ್ಧ ಗಂಟೆ ಹೋಯ್ತು, ನಗಬೇಡಿ.

ನಿಜವಾದ ತಪ್ಪು ಮರುದಿನ ಆಯ್ತು. ಟೀಮ್‌ಗೆ ಸ್ಕ್ರೀನ್ ತೋರಿಸುತ್ತಾ, ಕ್ವೆರಿ ಹಾಕದೆ, ಮೊದಲಿನ ‘ಕೀಸ್ ಲಿಸ್ಟ್’ ಕಮಾಂಡನ್ನೇ ಓಡಿಸಿದೆ. ‘ಟೈಪ್’ ಆಪ್ಷನ್‌ನಲ್ಲಿ ಯಾವ ಬಗೆಯ ಕೀ ಬೇಕು ಅಂತ ಹೇಳದಿದ್ದರೆ ಅದು ನಾಲ್ಕನ್ನೂ ಸುರಿಯುತ್ತೆ ಅಂತ ಹಿಂದಿನ ದಿನವೇ ನೋಡಿದ್ದೆ, ಆದರೂ ಕೈ ಓಡಿತು. “ಅದು ಬರೆಯೋ ಕೀ ಅಲ್ವಾ?” ಅಂದರು ಒಬ್ಬರು. ಹೌದು. ಡೇಟಾ ಅಳಿಸೋಕೂ ಬರೋ ಕೀ. ಮೇಲಾಗಿ ಮೀಟಿಂಗ್ ರೆಕಾರ್ಡ್ ಆಗುತ್ತಿತ್ತು.

ಎರಡೆರಡು ಕೀ ಯಾಕಿರುತ್ತವೆ ಅಂತ ಆಗಲೇ ನನಗೆ ಅರ್ಥವಾದದ್ದು. ಪಟ್ಟಿಯಲ್ಲಿ ಸೆಕೆಂಡರಿಯೂ ಕಂಡಿತ್ತಲ್ಲ, ಹಾಗಾಗಿ ಮೊದಲು ಯಾರೂ ಬಳಸದ ಅದನ್ನು ‘ಕೀಸ್ ರೀಜನರೇಟ್’ನಿಂದ ಹೊಸದು ಮಾಡಿದೆ. ಆಪ್‌ಗಳನ್ನೆಲ್ಲ ಒಂದೊಂದಾಗಿ ಅದಕ್ಕೆ ಸರಿಸಿ, ಎಲ್ಲವೂ ಓಡುತ್ತಿವೆ ಅಂತ ಖಾತ್ರಿಯಾದ ಮೇಲೆ ಪ್ರೈಮರಿಯನ್ನು ಬದಲಾಯಿಸಿದೆ. ಒಂದು ನಿಮಿಷವೂ ಸೇವೆ ನಿಲ್ಲಲಿಲ್ಲ. ರೀಡ್‌ಓನ್ಲಿ ಜೋಡಿಯನ್ನೂ ಬಿಡಲಿಲ್ಲ. ವೇರಿಯಬಲ್‌ಗೆ ಕೀ ತುಂಬಿದ್ದ ಸಾಲು ಶೆಲ್ ಹಿಸ್ಟರಿಯಲ್ಲಿ (ಟರ್ಮಿನಲ್ ನೆನಪಿಡುವ ಹಳೇ ಕಮಾಂಡ್‌ಗಳ ಪಟ್ಟಿ) ಕೂತಿತ್ತು, ಅದನ್ನೂ ಅಳಿಸಿದೆ.

ರಿಪೋರ್ಟ್‌ಗೆ ಬರೆಯುವ ಕೆಲಸವೇ ಇರಲಿಲ್ಲ ನೋಡಿ. ಈಗ ‘ಟೈಪ್ ರೀಡ್-ಓನ್ಲಿ-ಕೀಸ್’ ಅಂತ ಕೊಟ್ಟು, ಬಂದ ಎರಡರಲ್ಲಿ ಒಂದನ್ನು ಹಾಕಿದ್ದೇನೆ. ಉಳಿದ ಆಪ್‌ಗಳು ಇನ್ನೂ ಸೆಕೆಂಡರಿಯಲ್ಲೇ ಓಡುತ್ತಿವೆ.