ಐರೋಪ್ಯ ಒಕ್ಕೂಟದಲ್ಲಿ ಗಡಿಯಾಚೆ ವಕೀಲಿಕೆ ಮಾಡುವುದು ಹೇಗೆ

ಜರ್ಮನಿಯ ವಕೀಲರೊಬ್ಬರು ಇಟಲಿಯ ಕಕ್ಷಿದಾರರ ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ವಿಷಯವನ್ನು ನಿರ್ಧರಿಸಿಕೊಳ್ಳಬೇಕು: ಅಲ್ಲಿಗೆ ಹೋಗಿ ಬರುವುದೋ, ಅಲ್ಲೇ ನೆಲೆಯೂರುವುದೋ. ಹೋಗಿ ಬರುವವರಿಗೆ ಒಕ್ಕೂಟದ 1977ರ ನಿರ್ದೇಶನ (ಸದಸ್ಯ ರಾಷ್ಟ್ರಗಳು ಜಾರಿಗೆ ತರಬೇಕಾದ ಕಾನೂನು) ಅನ್ವಯಿಸುತ್ತದೆ, ನೆಲೆಯೂರುವವರಿಗೆ 1998ರ ನಿರ್ದೇಶನ. ಕಚೇರಿ ತೆರೆದ ಮಾತ್ರಕ್ಕೆ ನೆಲೆಯೂರಿದಂತಾಗುವುದಿಲ್ಲ. ಕೆಲಸ ಎಷ್ಟು ಕಾಲ, ಎಷ್ಟು ಬಾರಿ, ಎಷ್ಟು ನಿರಂತರವಾಗಿ ನಡೆಯುತ್ತದೆ ಎಂಬುದನ್ನು ನೋಡಬೇಕೆಂದು ಐರೋಪ್ಯ ನ್ಯಾಯಾಲಯವು 1995ರ ಗೆಬ್‌ಹಾರ್ಡ್ ಪ್ರಕರಣದಲ್ಲಿ ಹೇಳಿದೆ.

ಹೋಗಿ ಬರುವವರು ತಮ್ಮ ದೇಶದ ವೃತ್ತಿನಾಮವನ್ನು, ಅಂದರೆ ವಕೀಲರಿಗೆ ಅಲ್ಲಿರುವ ಅಧಿಕೃತ ಪದನಾಮವನ್ನು, ತಮ್ಮ ದೇಶದ ಭಾಷೆಯಲ್ಲೇ ಬಳಸಬೇಕು. ಆತಿಥೇಯ ದೇಶವು ಅವರಿಂದ ಅರ್ಹತೆಯ ದಾಖಲೆ ಕೇಳಬಹುದು, ಆದರೆ ಅಲ್ಲೇ ವಾಸವಿರಬೇಕೆಂದಾಗಲಿ, ಅಲ್ಲಿನ ವಕೀಲರ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದಾಗಲಿ ಒತ್ತಾಯಿಸುವಂತಿಲ್ಲ. ನ್ಯಾಯಾಲಯದಲ್ಲಿ ವಾದಿಸುವುದಾದರೆ ಸ್ಥಳೀಯ ವಕೀಲರೊಬ್ಬರ ಜೊತೆಗೂಡಿ ಕೆಲಸ ಮಾಡಬೇಕೆಂಬ ಷರತ್ತು ಇರಬಹುದು. ಕಕ್ಷಿದಾರನು ವಕೀಲನಿಲ್ಲದೆ ತಾನೇ ವಾದಿಸಬಹುದಾದ ಪ್ರಕರಣಗಳಿಗೆ ಈ ಷರತ್ತನ್ನು ಹೇರುವಂತಿಲ್ಲ ಎಂದು 1988ರಲ್ಲಿ ಜರ್ಮನಿಯ ವಿರುದ್ಧದ ತೀರ್ಪು ಸ್ಪಷ್ಟಪಡಿಸಿತು.

ನೆಲೆಯೂರುವವರು ತಮ್ಮ ದೇಶದ ಮಂಡಳಿಯಿಂದ ದೃಢೀಕರಣ ಪತ್ರ ಪಡೆದು ಆತಿಥೇಯ ದೇಶದಲ್ಲಿ ನೋಂದಾಯಿಸಿಕೊಳ್ಳಬೇಕು. ಸಲ್ಲಿಸುವಾಗ ಪತ್ರವು ಮೂರು ತಿಂಗಳಿಗಿಂತ ಹಳೆಯದಾಗಿರಬಾರದೆಂದು ಮಂಡಳಿಯು ಕೇಳಬಹುದಾದ್ದರಿಂದ ಅದನ್ನು ಮುಂಚಿತವಾಗಿ ತೆಗೆದಿಡುವುದು ವ್ಯರ್ಥ. ನೋಂದಣಿಗೆ ಭಾಷಾ ಪರೀಕ್ಷೆಯನ್ನು ಪೂರ್ವಷರತ್ತಾಗಿಸುವಂತಿಲ್ಲ. ಲಕ್ಸೆಂಬರ್ಗ್ ಹಾಗೆ ಮಾಡಿದ್ದನ್ನು 2006ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. ನೋಂದಣಿಯಾದ ಮೇಲೆ ಆತಿಥೇಯ ದೇಶದ ಕಾನೂನಿನ ಬಗ್ಗೆಯೂ ಸಲಹೆ ನೀಡಬಹುದು. ಆ ದೇಶದ ಕಾನೂನಿನಲ್ಲಿ ಮೂರು ವರ್ಷ ಕ್ರಮಬದ್ಧವಾಗಿ ಕೆಲಸ ಮಾಡಿದವರಿಗೆ ಅರ್ಹತಾ ಪರೀಕ್ಷೆಯಿಲ್ಲದೆ ಅಲ್ಲಿನ ವೃತ್ತಿನಾಮವೇ ದೊರೆಯುತ್ತದೆ. ಅದನ್ನು ರುಜುವಾತುಪಡಿಸುವ ಹೊಣೆ ವಕೀಲರದೇ ಆದ್ದರಿಂದ, ನಡೆಸಿದ ಪ್ರಕರಣಗಳ ಸಂಖ್ಯೆ, ಸ್ವರೂಪ ಮತ್ತು ದಿನಾಂಕಗಳನ್ನು ಮೊದಲ ದಿನದಿಂದಲೇ ಬರೆದಿಡಬೇಕು. ಮೂರನೆಯ ವರ್ಷದ ಕೊನೆಯಲ್ಲಿ ಹಳೆಯ ಕಡತ ಕೆದಕಿ ಪಟ್ಟಿ ತಯಾರಿಸುವ ಕಷ್ಟ ಅಪಾರ.

ವೃತ್ತಿನೀತಿಯ ವಿಷಯದಲ್ಲಿ ಎರಡೂ ದೇಶಗಳ ನಿಯಮಗಳು ಜೊತೆಯಾಗಿ ಅನ್ವಯಿಸುತ್ತವೆ, ಮತ್ತು ನನ್ನ ದೃಷ್ಟಿಯಲ್ಲಿ ಎಚ್ಚರಿಕೆ ಹೆಚ್ಚು ಬೇಕಾದದ್ದು ಇಲ್ಲೇ. ಐರೋಪ್ಯ ವಕೀಲರ ಮಂಡಳಿಗಳ ಒಕ್ಕೂಟವಾದ ಸಿಸಿಬಿಇ 1988ರಲ್ಲಿ ಅಂಗೀಕರಿಸಿದ ಸಂಹಿತೆಯು ಗಡಿಯಾಚೆಯ ಇಂಥ ವ್ಯವಹಾರಗಳಿಗೆಂದೇ ರೂಪುಗೊಂಡಿದೆ. ವಕೀಲರ ನಡುವಿನ ಪತ್ರವ್ಯವಹಾರ ಒಂದು ದೇಶದಲ್ಲಿ ತಾನಾಗಿಯೇ ಗೌಪ್ಯ, ಇನ್ನೊಂದರಲ್ಲಿ ಹಾಗಲ್ಲ. ಆದ್ದರಿಂದ ಗೌಪ್ಯತೆ ಬೇಕಾದವರು ಮೊದಲ ಪತ್ರ ಕಳುಹಿಸುವ ಮುನ್ನವೇ ಅದನ್ನು ಸ್ಪಷ್ಟವಾಗಿ ತಿಳಿಸಬೇಕು, ಎದುರಿನ ವಕೀಲರಿಗೆ ಅದನ್ನು ಕಾಪಾಡಲಾಗದಿದ್ದರೆ ಅವರು ತಡಮಾಡದೆ ಹಾಗೆಂದು ಹೇಳಬೇಕು. ಶುಲ್ಕದ ನಿಯಮವೂ ಅಷ್ಟೇ ಗಂಭೀರ. ಇನ್ನೊಂದು ದೇಶದ ವಕೀಲರಿಗೆ ಪ್ರಕರಣ ಒಪ್ಪಿಸಿದವರು, ಕಕ್ಷಿದಾರ ದಿವಾಳಿಯಾದರೂ, ಅವರ ಶುಲ್ಕಕ್ಕೆ ಸ್ವತಃ ಹೊಣೆ. ಬೇರೆ ಏರ್ಪಾಡು ಬೇಕೆಂದರೆ ಆರಂಭದಲ್ಲೇ ಮಾತಾಡಿಕೊಳ್ಳಬೇಕು.

ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಸನ್ನದು ಹಿಡಿದು ಯುರೋಪಿಗೆ ಹೋದವರಿಗೆ ಈ ನಿರ್ದೇಶನಗಳು ನೆರವಾಗುವುದಿಲ್ಲ. ಇವು ಸದಸ್ಯ ರಾಷ್ಟ್ರದ ಪೌರತ್ವ, ಸದಸ್ಯ ರಾಷ್ಟ್ರದಲ್ಲೇ ಪಡೆದ ವೃತ್ತಿನಾಮ ಎರಡನ್ನೂ ಕೇಳುತ್ತವೆ. ಜರ್ಮನ್ ಪೌರತ್ವ ಪಡೆದ ಮೇಲೂ ಭಾರತದ ಸನ್ನದೊಂದೇ ಇದ್ದರೆ ಫ್ರಾನ್ಸಿನಲ್ಲಿ ಈ ದಾರಿಯಿಂದ ನೋಂದಣಿ ಸಾಧ್ಯವಿಲ್ಲ. ಅಂಥವರು ಮೊದಲು ತಾವಿರುವ ದೇಶದ ಸ್ವಂತ ನಿಯಮಗಳನ್ನು ನೋಡಬೇಕು.