ಫ್ರಿಜ್ಜಿನಲ್ಲಿ ಕಾರಿನ ಕೀ

ಅಮೆರಿಕದ ನಾರ್ತ್ ಕೆರೊಲಿನಾದ ಡರ್ಹಮ್‌ಗೆ ಬಂದ ಮೇಲೆ ಆರು ವರ್ಷ ನಾನು ದಿನಾ ಆಫೀಸಿಗೆ ಹೋಗುತ್ತಿದ್ದದ್ದು ಎನ್‌ಸಿ-147 ಹೆದ್ದಾರಿಯಲ್ಲಿ. ಆ ಡಾಂಬರಿನಡಿ ಒಂದು ಪೇಟೆ ಇತ್ತು ಅಂತ ಗೊತ್ತಾದದ್ದು ಆಮೇಲೆ. ಕಪ್ಪು ಜನರೇ ಕಟ್ಟಿ ಬೆಳೆಸಿದ ಪೇಟೆ. ಬರೆಯುವುದು ಹೆಚ್ಚುಕಮ್ಮಿ ಹೈಟಿ ದೇಶದ ಹೆಸರಿನಂತೆಯೇ (Hayti), ಇಲ್ಲಿನವರ ಬಾಯಲ್ಲಿ ಮಾತ್ರ ಹೇಟೈ. 1960ರ ದಶಕದಲ್ಲಿ ‘ನಗರ ನವೀಕರಣ’ ಅಂತ ಅದನ್ನು ಕೆಡವಿದರು. 4,000ಕ್ಕೂ ಹೆಚ್ಚು ಕುಟುಂಬಗಳು, ಸುಮಾರು 500 ಅಂಗಡಿ-ಮುಂಗಟ್ಟುಗಳು ಎದ್ದುಹೋದವು. ರಸ್ತೆ ಹೋಗುವುದು ಕಂಪನಿಗಳೇ ತುಂಬಿರುವ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಡೆಗೆ, ಅಂದರೆ ನನ್ನ ಸಂಬಳದ ಕಡೆಗೆ.

ಹಾಗಾಗಿ ಅಲ್ಲಿನ ಹಿರಿಯರ ಮಾತು ರೆಕಾರ್ಡ್ ಮಾಡುವ ಗುಂಪೊಂದಕ್ಕೆ ಸೇರಿದೆ. ಮೊದಲ ದಿನವೇ ಎಡವಿದೆ. ನಿವೃತ್ತ ಹೇರ್‌ಡ್ರೆಸರ್ ಒಬ್ಬರನ್ನು “ಮನೆ ಕೆಡವಿದಾಗ ಏನನ್ನಿಸಿತು?” ಅಂತ ನೇರವಾಗಿ ಕೇಳಿಬಿಟ್ಟೆ. ಹತ್ತಾರು ಜನರಿಗೆ ಹೇಳಿ ಹೇಳಿ ನಯವಾದ ಉತ್ತರವನ್ನೇ ನನಗೂ ಕೊಟ್ಟರು, ಹತ್ತು ನಿಮಿಷಕ್ಕೆ ಮುಗಿಯಿತು. ಮನೆಗೆ ಬಂದು ಹೆಡ್‌ಫೋನ್ ಹಾಕಿದರೆ ಅವರ ಮಾತಿಗಿಂತ ಫ್ರಿಜ್ಜಿನ ಗುಂಯ್‌ಗುಡುವಿಕೆಯೇ ಜೋರು.

ಮುಂದಿನ ಸಲ ಅವರದೇ ಮನೆಯಲ್ಲಿ ಅಪ್ಪಣೆ ಕೇಳಿ ಫ್ರಿಜ್ ಆಫ್ ಮಾಡಿದೆ. ಮತ್ತೆ ಆನ್ ಮಾಡಲು ಮರೆಯಬಾರದೆಂದು ಕಾರಿನ ಕೀಯನ್ನು ಅದರೊಳಗೇ ಇಟ್ಟೆ. ಇದು ರೆಕಾರ್ಡಿಂಗ್‌ನವರ ಹಳೆಯ ಉಪಾಯ. ಸ್ಯಾನ್‌ಬಾರ್ನ್ ಕಂಪನಿ ಅಗ್ನಿವಿಮೆಗೆಂದು ಹಿಂದೆ ಮಾಡಿದ್ದ ಹೇಟೈ ನಕ್ಷೆಯ ಝೆರಾಕ್ಸ್ ಹಿಗ್ಗಿಸಿ ಒಯ್ದಿದ್ದೆ. ಅದರಲ್ಲಿ ಒಂದೊಂದು ಕಟ್ಟಡವೂ ಬೇರೆ ಬೇರೆಯಾಗಿ ಕಾಣುತ್ತದೆ. ಊಟದ ಮೇಜಿನ ಮೇಲೆ ಹಾಸಿ, “ಶಾಲೆಯಿಂದ ಮನೆಗೆ ಯಾವ ದಾರಿಯಲ್ಲಿ ಬರ್ತಿದ್ರಿ, ಮ್ಯಾಮ್?” ಅಂದೆ.

ಅವರ ಬೆರಳು ಮೊದಲು 1891ರ ಸೇಂಟ್ ಜೋಸೆಫ್ ಚರ್ಚನ್ನು ಹುಡುಕಿತು. ಉಳಿದ ಕೆಲವೇ ಕಟ್ಟಡಗಳಲ್ಲಿ ಅದೂ ಒಂದು, ಈಗ ಹೇಟೈ ಹೆರಿಟೇಜ್ ಸೆಂಟರ್. ಅಲ್ಲಿಂದ ಫಯೆಟ್‌ವಿಲ್ ಸ್ಟ್ರೀಟ್ ಹಿಡಿಯಿತು. ಇಲ್ಲಿ ಕ್ಷೌರದಂಗಡಿ, ಈ ಜಗಲಿಯಲ್ಲಿ ಕಚ್ಚುವ ನಾಯಿ, ಅದಕ್ಕೇ ಇಲ್ಲಿ ರಸ್ತೆ ದಾಟಬೇಕು. ಒಂದೂವರೆ ಗಂಟೆ ನಾನು ಬಾಯಿ ಬಿಡಲಿಲ್ಲ. ಕೊನೆಗೆ ಬೆರಳು ನಿಂತಿತು. “ಇದರ ಮೇಲೇ ಅಲ್ವಾ ಬೇಬಿ, ನೀನು ದಿನಾ ಕಾರು ಓಡಿಸೋದು?”

ತಾಂತ್ರಿಕ ಕೆಲಸ ಹೇಳುವಷ್ಟೇನಿಲ್ಲ. ಎಂಪಿ3 ಬೇಡ, ದನಿ ಕುಂದದ ಡಬ್ಲ್ಯುಎವಿ ಫೈಲ್ ಇಟ್ಟುಕೊಳ್ಳಿ, ಮೂರು ಕಡೆ ಪ್ರತಿ ಮಾಡಿ. ಅದನ್ನು ಬಳಸಲು ಕೊಡುವ ಒಪ್ಪಿಗೆ ಪತ್ರಕ್ಕೆ ಮಾತ್ರ ರೆಕಾರ್ಡಿಂಗ್ ಆದ ಮೇಲೆಯೇ ಸಹಿ ಪಡೆಯಿರಿ. ಏನು ಹೇಳಿದೆವೆಂದು ಗೊತ್ತಾಗುವ ಮೊದಲೇ ಯಾರೂ ಒಪ್ಪಿಕೊಳ್ಳಲಾರರು. ಈ ಅಜ್ಜಿ ತಮ್ಮ ಅಣ್ಣನ ಕಥೆಯನ್ನು ರೆಕಾರ್ಡಿಂಗ್‌ನಿಂದ ತೆಗೆದುಹಾಕಲು ಹೇಳಿದರು. ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ತೆಗೆದೆ.

ನನ್ನ ದೊಡ್ಡ ತಪ್ಪು ಮಾತನ್ನು ಬರಹಕ್ಕಿಳಿಸುವಾಗ ಆಯಿತು. ಸಾಫ್ಟ್‌ವೇರ್ ಹೇಟೈಯನ್ನು ಉದ್ದಕ್ಕೂ ಹೈಟಿ ದೇಶ ಮಾಡಿತ್ತು. ಅದನ್ನು ತಿದ್ದುವ ಭರದಲ್ಲಿ ಅವರ ವ್ಯಾಕರಣವನ್ನೂ ತಿದ್ದಿಬಿಟ್ಟೆ. ಮೊಮ್ಮಗಳು ಓದಿ, “ಇದು ನಮ್ಮಜ್ಜಿ ಅಲ್ಲ” ಅಂದಳು. ನಮ್ಮ ಹುಬ್ಬಳ್ಳಿ ಅಜ್ಜಿಯ ಮಾತನ್ನು ಯಾರಾದರೂ ವಾರ್ತೆಯ ಕನ್ನಡಕ್ಕೆ ತಿರುಗಿಸಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಎರಡು ವಾರಾಂತ್ಯ ಕೂತು ಆಡಿದ್ದನ್ನು ಆಡಿದಂತೆಯೇ ಬರೆದೆ.

ತಿದ್ದಿದ ಪ್ರತಿ ಓದಿಸಿ, ಬಿಟ್ಟುಹೋದದ್ದನ್ನೂ ರೆಕಾರ್ಡ್ ಮಾಡಿಕೊಂಡು ಹೊರಟಾಗ ಕೀ ಸಿಗಲಿಲ್ಲ. ಅವರೇ ಫ್ರಿಜ್ ತೆರೆದು ಮಜ್ಜಿಗೆ ಡಬ್ಬದ ಪಕ್ಕದಿಂದ ತೆಗೆದುಕೊಟ್ಟರು. “ಹೇಟೈಯಲ್ಲಿ ಮಜ್ಜಿಗೆ ಮನೆಬಾಗಿಲಿಗೆ ತರ್ತಿದ್ದವನ ಕಥೆ ಹೇಳಿದ್ನಾ?” ರೆಕಾರ್ಡರ್ ಆಗಲೇ ಬ್ಯಾಗು ಸೇರಿತ್ತು. ತೆಗೆಯಲೇ ಅಂತ ಕೇಳಿದೆ. ಬೇಡ, ಸುಮ್ಮನೆ ಕೂತ್ಕೋ ಅಂದರು.